ರಾತ್ರಿ ಎರಡು ಗಂಟೆಯ ದೇವುಡಾ

ಎರಡು ವರ್ಷದ ಹಿಂದೆ, ಭಾದ್ರಪದದ ಒಂದು ಭಾನುವಾರ, ಬೆಂಗಳೂರಿನ ಅಂಚಿನ ಒಂದು ಖಾಲಿ ಮೈದಾನದಲ್ಲಿ, ಹಾಡಿಗೆ ಹಾಡಿನಲ್ಲೇ ಉತ್ತರ ಕೊಡುವ ದೇವುಡಾ ಅನ್ನುವ ನಮ್ಮ ಆಟದ ವೃತ್ತದಲ್ಲಿ, ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಎಡಗೈ ಕಾಕಿಯ, ಅಂದರೆ ಚಿಕ್ಕಮ್ಮನ, ಕೈಯಲ್ಲಿತ್ತು, ಬಲಗೈ ಗುರುತೇ ಇಲ್ಲದ ಒಬ್ಬ ದಿದಿಯ ಕೈಯಲ್ಲಿ. ಎದುರಿನ ಅರ್ಧ ವೃತ್ತ ಹಾಡಿ ಮುಗಿಸಿತ್ತು. ಈಗ ನಮ್ಮ ಕಡೆಯವರು ಉತ್ತರ ಕೊಡಬೇಕು. ಹಾಡಿದವನು ನನ್ನನ್ನೇ ನೋಡಿ ಹಾಡಿದ್ದರಿಂದ ಉತ್ತರ ನನ್ನಿಂದಲೇ ಬರಬೇಕಿತ್ತು.

ಅವನು ನೇಪಾಳದ ಬಝಾಂಗ್ ಜಿಲ್ಲೆಯವನು, ಒಂದು ಹೋಟೆಲ್‌ನಲ್ಲಿ ಅಡುಗೆ ಮಾಡುತ್ತಾನೆ. ಹಾಡಿದ್ದನ್ನು ಕನ್ನಡಕ್ಕೆ ತಂದರೆ ಹೀಗಿರುತ್ತದೆ:

ಗೂಡು ಬಿಟ್ಟ ಗಿಳಿಯ ಮರಿ ಬೇರೆ ಮರದಲಿ ಕುಂತಿದೆ,
ಯಾರ ಹಣ್ಣು ತಿಂದು ತಿಂದು ಅಮ್ಮನ ಮಾತು ಮರೆತಿದೆ?

ನನಗೆ ಅರ್ಥವಾಯಿತು. ತೊಂದರೆ ಆಗಿದ್ದೇ ಅಲ್ಲಿ. ಅರ್ಥವೇ ಆಗದಿದ್ದರೆ ಸುಮ್ನೆ ನಕ್ಕು ತಪ್ಪಿಸಿಕೊಳ್ಳಬಹುದಿತ್ತು. ಕಾಲುಗಳು ನಿಲ್ಲುವಂತಿಲ್ಲ, ವೃತ್ತ ತಿರುಗುತ್ತಲೇ ಇರಬೇಕು. ಒಂದು ಸುತ್ತು ಹೋಯಿತು, ಎರಡು ಸುತ್ತು ಹೋಯಿತು. ತಲೆಯಲ್ಲಿ ಉತ್ತರ ಸಿದ್ಧವಾಗಿತ್ತು, ಆದರೆ ಕನ್ನಡದಲ್ಲಿ. ಕೊನೆಗೆ ಕಾಕಿ ನನ್ನ ಕೈ ಅದುಮಿ ತಾನೇ ಏನೋ ಹಾಡಿ ಮಾನ ಉಳಿಸಿದಳು. ಮನೆಗೆ ಬರುವಾಗ ಬಸ್ಸಿನಲ್ಲಿ ಅದಕ್ಕೆ ಏಳೆಂಟು ಉತ್ತರ ಹೊಳೆದವು. ಎಲ್ಲವೂ ಕನ್ನಡದವೇ.

ನಾನು ಹುಟ್ಟಿದ್ದು ನೇಪಾಳದ ದೂರ ಪಶ್ಚಿಮದ ಅಛಾಮ್ ಜಿಲ್ಲೆಯಲ್ಲಿ. ನನ್ನ ಬಾ, ಅಂದರೆ ಅಪ್ಪ, ನಾನು ಹುಟ್ಟುವ ಮೊದಲೇ ಬೆಂಗಳೂರಿಗೆ ಬಂದು ವಾಚ್‌ಮನ್ ಕೆಲಸ ಹಿಡಿದಿದ್ದರು. ನಮ್ಮ ಕಡೆ ಗಂಡಸರು ದುಡಿಯಲು ಭಾರತಕ್ಕೆ ಹೋಗುವುದಕ್ಕೆ 'ಕಾಲಾಪಹಾಡ್' ಹೋಗುವುದು ಅನ್ನುತ್ತಾರೆ, ಕಪ್ಪು ಗುಡ್ಡ ಅಂತ. 1950ರ ಒಪ್ಪಂದದ ಪ್ರಕಾರ ಎರಡೂ ದೇಶದವರು ವೀಸಾ ಇಲ್ಲದೆ ಹೋಗಿ ಬಂದು ಕೆಲಸ ಮಾಡಬಹುದು. ಹಾಗಾಗಿ ಬಾ ವರ್ಷಕ್ಕೊಮ್ಮೆ ಬರುತ್ತಿದ್ದರು, ಮತ್ತೆ ಹೋಗುತ್ತಿದ್ದರು. 2002ರ ಫೆಬ್ರುವರಿಯಲ್ಲಿ ಮಾವೋವಾದಿಗಳು ನಮ್ಮ ಜಿಲ್ಲಾ ಕೇಂದ್ರ ಮಂಗಲಸೇನ್ ಮೇಲೆ ದಾಳಿ ಮಾಡಿದರು. ಒಂದೇ ರಾತ್ರಿ ನೂರಕ್ಕೂ ಹೆಚ್ಚು ಪೊಲೀಸರು, ಸೈನಿಕರು ಸತ್ತರು. ಅದಾದ ಕೆಲವೇ ತಿಂಗಳಿಗೆ ಬಾ ಬಂದು ಆಮಾಳನ್ನೂ, ಅಂದರೆ ಅಮ್ಮನನ್ನೂ, ನನ್ನನ್ನೂ ಕರೆದುಕೊಂಡು ಹೊರಟರು. ಆಗ ನನಗೆ ನಾಲ್ಕು ವರ್ಷ. ಲಖನೌದಿಂದ ಎರಡು ದಿನದ ರೈಲಿನಲ್ಲಿ ಕಿಟಕಿ ಪಕ್ಕ ಕೂತಿದ್ದೆನಂತೆ. ನನಗೆ ನೆನಪಿರುವುದು ಯಾರೋ ಕೊಟ್ಟ ಬಾಳೆಹಣ್ಣು ಮಾತ್ರ.

ಆಮೇಲಿನ ಬದುಕು ಒಂದು ಅಪಾರ್ಟ್‌ಮೆಂಟಿನ ಕೆಳಗೆ, ಪಂಪ್ ಪಕ್ಕದ ಕೋಣೆಯಲ್ಲಿ. ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ನನ್ನ ಟಿಸಿಯಲ್ಲಿ ಮಾತೃಭಾಷೆ ಅನ್ನುವ ಕಡೆ 'ಹಿಂದಿ' ಅಂತ ಬರೆದಿದೆ. ಸೇರಿಸುವಾಗ ಮೇಷ್ಟ್ರು ಕೇಳಿದರು, ಬಾ 'ಅಛಾಮಿ' ಅಂದರು, ಮೇಷ್ಟ್ರು ಸ್ವಲ್ಪ ಯೋಚಿಸಿ ಹಿಂದಿ ಅಂತ ಬರೆದುಕೊಂಡರು. ಅವರದೇನೂ ತಪ್ಪಿಲ್ಲ ಬಿಡಿ. ನೇಪಾಳದ ಸರ್ಕಾರವೇ ಡೋಟೇಲಿ, ಅಛಾಮಿಗಳನ್ನು ನೇಪಾಳಿಯಿಂದ ಬೇರೆ ಮಾಡಿ ಎಣಿಸಿದ್ದು 2011ರ ಜನಗಣತಿಯಲ್ಲಿ. ಐದನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ 'ನಿಮ್ಮ ಭಾಷೆ ನಮ್ಮ ದೇಶದ್ದೇ ಅಲ್ಲ' ಅಂದಳು. ನಾನು ಅವಳಿಗೆ ನೂರು ರೂಪಾಯಿ ನೋಟು ತೋರಿಸಿದೆ. ಅದರ ಹಿಂದೆ ಭಾಷೆಗಳ ಪಟ್ಟಿ ಇದೆಯಲ್ಲ, ಅದರಲ್ಲಿ ಕನ್ನಡ ನಾಲ್ಕನೆಯದು, ನೇಪಾಳಿ ಒಂಬತ್ತನೆಯದು. ಆ ನೋಟು ನನಗೆ ಸಿಕ್ಕಿದ್ದು ಎಲ್ಲಿಂದ ಅಂತ ಕೇಳಬೇಡಿ, ಬಾ ಅವರ ಜೇಬಿನಿಂದ.

ಇಷ್ಟಾದರೂ ನೇಪಾಳಿ ಹಾಡು ಅಂದರೆ ನನಗೂ ಎಲ್ಲರಿಗೆ ಗೊತ್ತಿರುವಷ್ಟೇ ಗೊತ್ತಿತ್ತು. ಮಾದಲ ಅನ್ನುವ ಡೋಲಿನ ತಾಳಕ್ಕೆ ಹಾಡುವ, ಪ್ರವಾಸಕ್ಕೆ ಹೋದವರೆಲ್ಲ ಕಲಿತು ಬರುವ ಆ ಒಂದೇ ಒಂದು ಹಾಡು. ಆಫೀಸಿನ ಕಾರ್ಯಕ್ರಮ ಇದ್ದಾಗಲೆಲ್ಲ ಅದನ್ನೇ ಹಾಡು ಅನ್ನುತ್ತಾರೆ. ಅದು ಮಧ್ಯದ ಬೆಟ್ಟಗಳ ಕಡೆಯ ಹಾಡು, ನಮ್ಮ ಕಡೆಯದಲ್ಲ. ಬೀದರ್‌ನವರಿಗೆ 'ಒಂದು ಕೊಡವ ವಾಲಗ ಕುಣಿಯಿರಿ' ಅಂದ ಹಾಗೆ.

ನಮ್ಮದು ದೇವುಡಾ. ದೆ-ಉ-ಡಾ ಅಂತ ಬಿಡಿಸಿ ಹೇಳಬೇಕು, ಬೇಗ ಹೇಳಿದರೆ ದೇವುಡಾ ಅಂತಲೇ ಕೇಳಿಸುತ್ತದೆ. ನಮ್ಮ ಈಗಿನ ಮನೆಯ ಕೆಳಗೆ ತೆಲುಗಿನ ಅಜ್ಜಿಯೊಬ್ಬರಿದ್ದಾರೆ. ನಾವು ಮಾತಿನ ಮಧ್ಯೆ ಹತ್ತು ಸಲ 'ದೇವುಡಾ' ಅನ್ನುವುದನ್ನು ಕೇಳಿ, ಈ ಮನೆಯವರಿಗೆ ಏನೋ ದೊಡ್ಡ ಕಷ್ಟ ಬಂದಿದೆ, ಪಾಪ, ದೇವರನ್ನು ಕೂಗುತ್ತಾರೆ ಅಂದುಕೊಂಡಿದ್ದರಂತೆ.

ದೇವುಡಾ ಕುಣಿಯುತ್ತೇವೆ ಅನ್ನುವುದಿಲ್ಲ, ಆಡುತ್ತೇವೆ ಅನ್ನುತ್ತೇವೆ. ಯಕ್ಷಗಾನವನ್ನು ಆಟ ಅನ್ನುವ ಹಾಗೆ. ಕೈ ಕೈ ಹಿಡಿದು ವೃತ್ತ ಕಟ್ಟಬೇಕು. ಅರ್ಧ ವೃತ್ತ ಒಂದು ಪಕ್ಷ, ಇನ್ನರ್ಧ ಇನ್ನೊಂದು ಪಕ್ಷ. ಒಬ್ಬರು ಸಾಲು ಎತ್ತುತ್ತಾರೆ, ಅವರ ಪಕ್ಷ ಅದನ್ನೇ ಮತ್ತೆ ಹಾಡುತ್ತದೆ. ಆಮೇಲೆ ಎದುರಿನವರು ಅಲ್ಲೇ ಕಟ್ಟಿ ಉತ್ತರ ಕೊಡಬೇಕು. ಹಳೆಯ ರೀತಿಯಲ್ಲಿ ವಾದ್ಯವೇ ಇಲ್ಲ, ಕಾಲೇ ತಾಳ. ಹೆಸರು ಬಂದಿದ್ದು ಒಂದೂವರೆ ಹೆಜ್ಜೆ ಅನ್ನುವುದರಿಂದ ಅಂತ ಹೇಳುತ್ತಾರೆ. ಒಂದು ಪೂರ್ತಿ ಹೆಜ್ಜೆ, ಮತ್ತೊಂದು ಅರ್ಧಕ್ಕೇ ನಿಲ್ಲುವ ಹೆಜ್ಜೆ. ಪದ್ಯಕ್ಕೆ ಎರಡೇ ಸಾಲು. ಮೊದಲ ಸಾಲಿನಲ್ಲಿ ನದಿ, ಹಕ್ಕಿ, ಗುಡ್ಡ, ಬೆಳೆ ಏನಾದರೂ ಬರಬಹುದು, ಎರಡನೆಯದಕ್ಕೂ ಅದಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ಪ್ರಾಸ ಸಿಕ್ಕರೆ ಸಾಕು. ಹೇಳಬೇಕಾದ ಮಾತು ಇರುವುದು ಎರಡನೇ ಸಾಲಿನಲ್ಲಿ.

ಇದನ್ನು ಆಡುವ ದೊಡ್ಡ ಸಮಯ ಗೌರಾ ಹಬ್ಬ. ಹೌದು, ಗೌರಿಯೇ. ನಾವು ಬೆಂಗಳೂರಿಗೆ ಬಂದ ಮೊದಲ ವರ್ಷ ಆಮಾಳಿಗೆ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಮೂರನೇ ಮಹಡಿಯ ಆಂಟಿ ಮೊರದ ಬಾಗಿನ ಹಿಡಿದು ಲಿಫ್ಟಿನಿಂದ ಇಳಿಯುವುದನ್ನು ನೋಡಿ ಬಾ ಹತ್ತಿರ ಕೇಳಿದಳಂತೆ: 'ಇವರ ಮನೆಗೂ ಗೌರಾ ಬರ್ತಾಳಾ?' ಬಾ ಹೌದು ಅಂದರು. ಆವತ್ತಿನಿಂದ ಆಮಾಳಿಗೆ ಈ ಊರಿನ ಭಯ ಹೋಯಿತು ಅಂತ ಈಗಲೂ ಹೇಳುತ್ತಾಳೆ. ಇಲ್ಲಿ ತದಿಗೆಯ ದಿನ ಗೌರಿ, ಚೌತಿಗೆ ಗಣಪ. ನಮ್ಮಲ್ಲಿ ಸಾಮಾನ್ಯವಾಗಿ ಅದರ ಮರುದಿನ, ಪಂಚಮಿಯಂದು, ತಾಮ್ರದ ಪಾತ್ರೆಯಲ್ಲಿ ಐದು ಕಾಳು ನೆನೆಹಾಕುತ್ತಾರೆ. ಅದಕ್ಕೆ ಬಿರುಡಾ ಅನ್ನುತ್ತಾರೆ. ಗೋಧಿ, ಬಟಾಣಿ, ಉದ್ದು, ಹುರುಳಿ ಇಲ್ಲಿ ಸಿಗುತ್ತವೆ. ಐದನೆಯದು ಗುರೌಂಸ್ ಅನ್ನುವ ಬೆಟ್ಟದ ಕಾಳು. ಅದು ನಮ್ಮ ಬೀದಿಯ ಶೆಟ್ಟರ ಅಂಗಡಿಯಲ್ಲಿ ಎಲ್ಲಿ ಬರಬೇಕು? ಆಮಾ ಅಲಸಂದೆ ಹಾಕುತ್ತಾಳೆ. ಇಪ್ಪತ್ತು ವರ್ಷದಿಂದ ಗೌರಾ ತಕರಾರು ಮಾಡಿಲ್ಲ. ಸಪ್ತಮಿ, ಅಷ್ಟಮಿಗೆ ಗಿಡ, ಹುಲ್ಲುಗಳಿಂದ ಮಾಡಿದ ಗೌರಾಳನ್ನು ಬುಟ್ಟಿಯಲ್ಲಿ ತಂದು ಪೂಜೆ. ಮದುವೆಯಾದ ಹೆಂಗಸರು ದೂಬಿನ, ಅಂದರೆ ಗರಿಕೆಯ, ದಾರ ಕಟ್ಟಿಕೊಳ್ಳುತ್ತಾರೆ, ಫಾಗ್ ಹಾಡುತ್ತಾರೆ. ಫಾಗ್ ಅಂದರೆ ನಮ್ಮ ಸೋಬಾನೆ ಪದದ ಅಕ್ಕನೋ ತಂಗಿಯೋ ಇರಬೇಕು.

ಬೆಂಗಳೂರಲ್ಲಿ ತಿಥಿ ನೋಡಿ ಹಬ್ಬ ಮಾಡಲು ಯಾರಿಗೆ ರಜೆ ಸಿಗುತ್ತದೆ? ಗೇಟಿನ ಕೆಲಸ ಹನ್ನೆರಡು ತಾಸಿನದು. ಬದಲಿ ಸಿಗದೆ ಬಿಟ್ಟು ಬರುವಂತಿಲ್ಲ. ಹಾಗಾಗಿ ಪೂಜೆ ಮನೆಯಲ್ಲಿ ತಿಥಿಗೆ, ದೇವುಡಾ ಮೈದಾನದಲ್ಲಿ ಹತ್ತಿರದ ಭಾನುವಾರಕ್ಕೆ. ಅರ್ಧ ಜನ ನೈಟ್ ಡ್ಯೂಟಿ ಮುಗಿಸಿ ನೇರ ಬಂದಿರುತ್ತಾರೆ. ಮೇಲೆ ಹಬ್ಬದ ಅಂಗಿ, ಕೆಳಗೆ ಸೆಕ್ಯುರಿಟಿ ಏಜೆನ್ಸಿಯ ನೀಲಿ ಪ್ಯಾಂಟು.

ಗಿಳಿಮರಿ ಪದ್ಯ ಕೇಳಿಸಿಕೊಂಡು ಬಂದ ಮೇಲೆ ಒಂದು ವಾರ ಸುಮ್ಮನಿದ್ದೆ. ಆಮೇಲೆ ಬಾ ಹತ್ತಿರ 'ನನಗೆ ದೇವುಡಾ ಕಲಿಸಿ' ಅಂದೆ. ಅವರಿಗೆ ಖುಷಿ ಆಗುತ್ತೆ ಅಂದುಕೊಂಡಿದ್ದೆ. ಅವರು ಮುಖ ಆ ಕಡೆ ತಿರುಗಿಸಿ ಟಿವಿ ನೋಡತೊಡಗಿದರು. ಆಮೇಲೆ ಆಮಾ ಅಡುಗೆಮನೆಗೆ ಕರೆದು ವಿಷಯ ಹೇಳಿದಳು. ದೇವುಡಾದಲ್ಲಿ ಮುಕ್ಕಾಲು ಭಾಗ ಪ್ರೀತಿ, ಕೀಟಲೆ, ಕಣ್ಣು ಹೊಡೆಯುವ ಮಾತು. ಅಪ್ಪ ಮಗಳು ಎದುರು ಬದುರು ನಿಂತು ಹಾಡುವ ಹಾಡಲ್ಲ ಅದು. ಊರಲ್ಲಿ ಆಗಿದ್ದರೆ ಅಣ್ಣ ತಂಗಿ ಒಂದೇ ವೃತ್ತದಲ್ಲಿದ್ದರೂ ಎದುರಾಳಿ ಪಕ್ಷದಲ್ಲಿ ನಿಲ್ಲುತ್ತಿರಲಿಲ್ಲವಂತೆ. ನನಗೆ ಇದು ಹೊಳೆದೇ ಇರಲಿಲ್ಲ.

ನಾಲ್ಕು ದಿನ ಕಳೆಯಿತು. ಒಂದು ಬೆಳಗ್ಗೆ ಎದ್ದು ಫೋನ್ ನೋಡಿದರೆ ವಾಟ್ಸ್‌ಆ್ಯಪ್‌ನಲ್ಲಿ ಬಾ ಕಳಿಸಿದ ವಾಯ್ಸ್ ಮೆಸೇಜ್. ಸಮಯ ರಾತ್ರಿ 2 ಗಂಟೆ 10 ನಿಮಿಷ. ಮೊದಲಿಗೆ ಗಾಬರಿಯಾಯಿತು. ಕೇಳಿದರೆ ಹಿಂದೆ ನಾಯಿ ಬೊಗಳುವ ಸದ್ದು, ಎಲ್ಲೋ ಲಾರಿ ಹೋಗುವ ಸದ್ದು, ಮಧ್ಯೆ ಬಾ ಅವರ ತಗ್ಗಿದ ದನಿ:

ಬುಢಿಗಂಗೆ ತುಂಬಿ ಹರಿದಳು, ದಡದ ಜೊಂಡು ಬಾಗಿತು,
ಗೇಟು ಕಾಯುವ ಕಣ್ಣಿನ ನಿದ್ದೆ ಯಾವ ಊರಿಗೆ ಹೋಯಿತು?

ನಾನು ಇಪ್ಪತ್ತು ಸಲ ಕೇಳಿದೆನೋ ಏನೋ. ಬಾ ಹಾಡುತ್ತಾರೆ ಅಂತ ನನಗೆ ಗೊತ್ತಿತ್ತು. ಅವರ ದನಿಯನ್ನು ಇಷ್ಟು ಹತ್ತಿರದಿಂದ ಕೇಳಿರಲಿಲ್ಲ. ಸಂಜೆ ಅವರು ಡ್ಯೂಟಿಗೆ ಹೊರಟಾಗ ಇಬ್ಬರೂ ಆ ವಿಷಯ ಎತ್ತಲಿಲ್ಲ. 'ಟಿಫಿನ್ ತಗೊಂಡ್ರಾ' ಅಂದೆ. 'ತಗೊಂಡೆ' ಅಂದರು. ಪಾಠ ಶುರುವಾಗಿದ್ದು ಹಾಗೆ.

ನಿಯಮವನ್ನು ಯಾರೂ ಹೇಳಲಿಲ್ಲ, ತಾನಾಗಿಯೇ ಆಯಿತು. ರಾತ್ರಿ ಒಂದು ಪ್ರಶ್ನೆ ಬರುತ್ತದೆ. ಅವರು ಬೆಳಗ್ಗೆ ಎಂಟಕ್ಕೆ ಡ್ಯೂಟಿ ಮುಗಿಸುವುದರೊಳಗೆ ಉತ್ತರ ಹೋಗಬೇಕು. ಪ್ರೀತಿ ಗೀತಿ ಇಲ್ಲ. ಮಳೆ, ಸಂಬಳ, ದೇವರು, ಮಹಾಭಾರತ, ಅಪಾರ್ಟ್‌ಮೆಂಟಿನ ನಾಯಿ, ಇಂಥದ್ದೇ. ಒಮ್ಮೆ 'ಐದು ಗಂಡಂದಿರಿದ್ದೂ ದ್ರೌಪದಿ ಯಾಕೆ ಅತ್ತಳು' ಅಂತ ಕೇಳಿದ್ದರು. ಅದಕ್ಕೆ ನಾನು ಎರಡು ದಿನ ತೆಗೆದುಕೊಂಡೆ.

ಮೊದಲ ತೊಂದರೆ ಬರೆದುಕೊಳ್ಳುವುದು. ಅಛಾಮಿ ನನಗೆ ಕಿವಿಯ ಭಾಷೆ. ಹಿಂದಿ ಓದಿದ್ದರಿಂದ ನಾಗರಿ ಲಿಪಿ ಬರುತ್ತದೆ, ಆದರೆ ಕೈ ಓಡುವುದು ಕನ್ನಡದಲ್ಲಿ. ಹಾಗಾಗಿ ನನ್ನ ನೋಟ್‌ಬುಕ್ ಪೂರ್ತಿ ಕನ್ನಡ ಅಕ್ಷರದ ಅಛಾಮಿ. ಮೂಗಿನಲ್ಲಿ ಹೇಳುವ ಸ್ವರಗಳಿಗೆ ಅಕ್ಷರದ ಮೇಲೆ ಸಣ್ಣ ಚುಕ್ಕೆ ಇಡುತ್ತಿದ್ದೆ. ಆ ಚುಕ್ಕೆ ಮರೆತ ಕಡೆಯೆಲ್ಲ ಮಾತು ಕೆಡುತ್ತಿತ್ತು. ಆಮಾ ಓದಲು ಬಾರದಿದ್ದರೂ ನೋಟ್‌ಬುಕ್ ತಿರುವಿ ನೋಡಿ, 'ನಮ್ಮ ಮಾತು ಬರೆದ್ರೆ ಇಷ್ಟು ದುಂಡಗಿರುತ್ತಾ' ಅಂತ ನಕ್ಕಳು.

ಎರಡನೆಯದು ಪದ ಕಡಿಮೆ. ನನ್ನ ಅಛಾಮಿ ನಾಲ್ಕು ವರ್ಷದ ಮಗುವಿನದು. ಊಟ, ಬಾ, ಹೋಗು, ಹೊಟ್ಟೆನೋವು ಎಲ್ಲ ಇದೆ. ನಾಚಿಕೆ, ಹಂಬಲ, ಸಾಲದ ಬಡ್ಡಿ ಇವಕ್ಕೆ ಪದ ಇಲ್ಲ. ದಿನಕ್ಕೆ ಐದು ಪದ ಅಂತ ಆಮಾಳಿಂದ ವಸೂಲಿ ಮಾಡುತ್ತಿದ್ದೆ. ಅವಳಿಗೂ ಎಷ್ಟೋ ಸಲ ಪದ ನೆನಪಾಗದೆ ಕನ್ನಡದ್ದೇ ಬಾಯಿಗೆ ಬರುತ್ತಿತ್ತು. 'ಬಡ್ಡಿಗೆ ನಮ್ಮಲ್ಲಿ... ಬಡ್ಡಿನೇ ಅಲ್ವಾ?' ಅನ್ನುತ್ತಿದ್ದಳು.

ಮೂರನೆಯದು ಕಾಲು. ಇದಕ್ಕೆ ಕಾಕಿ ಗುರು. ಬಾ ಅವರ ತಮ್ಮನ ಹೆಂಡತಿ, ಮೂರು ಮನೆಯಲ್ಲಿ ಅಡುಗೆ ಕೆಲಸ ಮುಗಿಸಿ ಸಂಜೆ ಬರುತ್ತಿದ್ದಳು. ಮನೆಯೊಳಗೆ ಧಡಧಡ ಅನ್ನಿಸಿದ್ದಕ್ಕೆ ಕೆಳಗಿನ ಅಜ್ಜಿ ಮತ್ತೆ ದೇವರನ್ನು ನೆನೆದರು. ಆಮೇಲೆ ತಾರಸಿಗೆ ಹೋದೆವು. ನೀರಿನ ಟ್ಯಾಂಕಿನ ಪಕ್ಕ, ಒಣಗಿ ಹಾಕಿದ ಬಟ್ಟೆಗಳ ನಡುವೆ ಇಬ್ಬರೇ ವೃತ್ತ. ಇಬ್ಬರು ಕೈ ಹಿಡಿದರೆ ವೃತ್ತ ಆಗುವುದಿಲ್ಲ, ಬುಗುರಿ ಆಗುತ್ತದೆ. ಆದರೂ ಕಲಿತೆ. ಕಷ್ಟ ಇರುವುದು ಆ ಅರ್ಧ ಹೆಜ್ಜೆಯಲ್ಲಿ. ಇಡಬೇಕು, ಭಾರ ಹಾಕಬಾರದು. ಮೊಣಕಾಲು ಸ್ವಲ್ಪ ಬಗ್ಗಿ, ಮತ್ತೆ ಏಳಬೇಕು. ಸಾಲಿನ ಕೊನೆಯ ಅಕ್ಷರವನ್ನು ಎಳೆಯುವಾಗ ಕಾಲು ಆ ಅರ್ಧದಲ್ಲೇ ಇರಬೇಕು. ನಾನು ಹಾಡಿದರೆ ಕಾಲು ನಿಲ್ಲುತ್ತಿತ್ತು, ಕಾಲು ಹಾಕಿದರೆ ಹಾಡು ನಿಲ್ಲುತ್ತಿತ್ತು. ಮೂರು ತಿಂಗಳಾದ ಮೇಲೆ ಒಂದು ಸಂಜೆ ಎರಡೂ ಒಟ್ಟಿಗೆ ಬಂದವು. ನನಗೆ ಗೊತ್ತೇ ಆಗಲಿಲ್ಲ. ಕಾಕಿ ಕೈ ಬಿಟ್ಟು ಚಪ್ಪಾಳೆ ತಟ್ಟಿದಾಗಲೇ ಗೊತ್ತಾಗಿದ್ದು.

ಕೀಟಲೆ ಪದ್ಯಗಳನ್ನೂ ಕಾಕಿಯೇ ಕಲಿಸಿದಳು. ಅವುಗಳಲ್ಲಿ ಒಂದನ್ನೂ ಇಲ್ಲಿ ಬರೆಯುವುದಿಲ್ಲ.

ಇದನ್ನೆಲ್ಲ ಆಫೀಸಿನಲ್ಲಿ ಒಬ್ಬರ ಹತ್ತಿರ ಹೇಳಿದ್ದೆ. ಅಕೌಂಟ್ಸ್‌ನಲ್ಲಿ ನನ್ನ ಪಕ್ಕ ಕೂರುವ ವಿಜಯಪುರದ ಹುಡುಗ. ಅವನು 'ಅಯ್ಯ, ಇದು ನಮ್ಮ ಹರದೇಶಿ ನಾಗೇಶಿ ಆಯ್ತಲ್ರೀ' ಅಂದ. ಲಾವಣಿಯ ಎರಡು ಪಂಗಡಗಳವು. ಒಂದು ಗಂಡು ಹೆಚ್ಚು ಅನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಅನ್ನುತ್ತದೆ. ಡಪ್ಪು, ತುಂತುಣಿ ಹಿಡಿದು ರಾತ್ರಿಯೆಲ್ಲ ಸವಾಲು ಜವಾಬು. ಅವನ ಸೋದರಮಾವ ಹಾಡುತ್ತಿದ್ದರಂತೆ. ಅವನು ಒಂದು ಉಪಾಯ ಹೇಳಿಕೊಟ್ಟ: 'ಸವಾಲು ಕೇಳೋ ಮೊದಲೇ ಪ್ರಾಸ ಕೂಡಿ ಇಟ್ಕೊಂಡಿರಬೇಕು. ಜವಾಬು ಆಮೇಲೆ ತಾನೇ ಬರ್ತದ.' ಅಂದಿನಿಂದ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಬರೀ ಮೊದಲ ಸಾಲುಗಳನ್ನು ಕಟ್ಟಿ ಇಟ್ಟೆ. ಗುಡ್ಡ, ಮಂಜು, ರಾಗಿ, ಹುಲ್ಲಿನ ಹೊರೆ. ಅಂಗಡಿಯಲ್ಲಿ ಪೊಟ್ಟಣ ಕಟ್ಟಿಟ್ಟ ಹಾಗೆ. ಬಾ ಇದನ್ನು ಕಂಡುಹಿಡಿದು ಬೈದರು, ಅದೂ ಪದ್ಯದಲ್ಲೇ.

ಒಂದು ವಿಷಯ ಹೇಳದೆ ಮುಂದೆ ಹೋದರೆ ಮೋಸ ಆಗುತ್ತದೆ. ನಾನು ಊರಿಗೆ ಬುದ್ಧಿ ಬಂದ ಮೇಲೆ ಹೋಗಿದ್ದು ಒಂದೇ ಸಲ, 2017ರಲ್ಲಿ, ನಾಗರಿಕತಾ ಪತ್ರ ಮಾಡಿಸಲು. ಲಖನೌ, ಪಲಿಯಾ, ಗೌರಿಫಂಟಾ ಗಡಿ, ಧನಗಢಿ, ಅಲ್ಲಿಂದ ಹೊಟ್ಟೆ ತೊಳೆಸುವ ಬಸ್ಸು. ಅಜ್ಜಿ ಆಗ ಬದುಕಿದ್ದರು. ಅಂಗಳದಲ್ಲಿ ಕೂತು ಅವರು ಹಾಡಿದ ಫಾಗ್ ನನ್ನ ಕಿವಿಯಲ್ಲಿ ಇನ್ನೂ ಇದೆ. ಅದೇ ಅಜ್ಜಿ ಮೂರನೇ ದಿನ ನನಗೆ ಮುಟ್ಟಾಗಿದೆ ಅಂತ ಗೊತ್ತಾದಾಗ ನನ್ನನ್ನು ದನದ ಕೊಟ್ಟಿಗೆಯ ಪಕ್ಕದ ಛಾಉ ಗೋಠಕ್ಕೆ ಕಳಿಸಿದರು. ಕಿಟಕಿ ಇಲ್ಲ, ನಿಂತರೆ ತಲೆ ತಾಗುತ್ತದೆ. ನಾಲ್ಕು ರಾತ್ರಿ. ಮುಟ್ಟಾದವರನ್ನು ಹೀಗೆ ಹೊರಗಿಡುವ ಪದ್ಧತಿಯನ್ನು ನೇಪಾಳದ ಸುಪ್ರೀಂ ಕೋರ್ಟ್ 2005ರಲ್ಲೇ ನಿಷೇಧಿಸಿತ್ತು. ನಾನು ಹೋದ ಆ 2017ರಲ್ಲೇ ಸಂಸತ್ತು ಅದನ್ನು ಅಪರಾಧ ಅಂತ ಕಾನೂನು ಮಾಡಿತು. ಅಜ್ಜಿಗೆ ಎರಡೂ ತಲುಪಿರಲಿಲ್ಲ, ಅಥವಾ ತಲುಪಿದ್ದರೂ ಬೇಕಾಗಿರಲಿಲ್ಲ. ಆಮಾ ಯಾಕೆ ಊರಿಗೆ ಹೋಗೋಣ ಅಂತ ಒಮ್ಮೆಯೂ ಅನ್ನುವುದಿಲ್ಲ ಅಂತ ಆವತ್ತು ತಿಳಿಯಿತು. ನಮ್ಮ ಸಂಸ್ಕೃತಿ ಅಂತ ಯಾರಾದರೂ ಮೈಕ್ ಹಿಡಿದು ಕಣ್ಣೀರು ಹಾಕಿದರೆ ನನಗೆ ಆ ಗೋಠದ ವಾಸನೆಯೂ ಬರುತ್ತದೆ. ಹಾಡೂ ಕೇಳುತ್ತದೆ. ಎರಡೂ ಒಟ್ಟಿಗೇ.

ಹೋದ ವರ್ಷದ ಗೌರಾ ಬಂತು. ಹಿಂದಿನ ರಾತ್ರಿ ಮಳೆ ಸುರಿದು ಮೈದಾನ ಕೆಸರಾಗಿತ್ತು. ಸಂಘದವರಲ್ಲಿ ಕೆಲವರು ಡಿಜೆ ತರೋಣ, ಹುಡುಗರು ಬರುತ್ತಾರೆ ಅಂದಿದ್ದರಂತೆ. ಕರೆಂಟ್ ಕೈಕೊಟ್ಟಿದ್ದರಿಂದ ಆ ಜಗಳ ತಾನೇ ಮುಗಿಯಿತು. ವೃತ್ತ ಕಟ್ಟಿದೆವು. ಈ ಸಲ ಸುಮಾರು ನೂರು ಜನ.

ವೃತ್ತ ಕಟ್ಟುವಾಗಲೇ ಒಂದು ಘಟನೆ. ನಮ್ಮ ಪಕ್ಷದ ಒಳ್ಳೆ ಹಾಡುಗಾರ ಒಬ್ಬ ದಮಾಯಿ ಹುಡುಗ. ದಮಾಯಿಗಳು ಊರಲ್ಲಿ ಮದುವೆಗೆ ವಾದ್ಯ ನುಡಿಸುವವರು, ಬಟ್ಟೆ ಹೊಲಿಯುವವರು, ಮುಟ್ಟಬಾರದವರು ಅಂತ ದೂರ ಇಟ್ಟವರು. ಬೆಂಗಳೂರಲ್ಲಿ ಎಲ್ಲರೂ ಒಂದೇ ಏಜೆನ್ಸಿಯ ಯೂನಿಫಾರ್ಮ್, ಒಂದೇ ಶೆಡ್ಡಿನಲ್ಲಿ ಮಲಗುವುದು. ಆದರೂ ಅವನ ಪಕ್ಕಕ್ಕೆ ಬಂದ ಹಿರಿಯರೊಬ್ಬರು ಕೈ ಕೊಡುವ ಹೊತ್ತಿಗೆ ಚಪ್ಪಲಿ ಸರಿ ಮಾಡಿಕೊಳ್ಳುವವರಂತೆ ಬಗ್ಗಿ, ಎದ್ದು, ಬೇರೆ ಕಡೆ ಹೋಗಿ ನಿಂತರು. ಎಲ್ಲರೂ ನೋಡಿದೆವು. ಯಾರೂ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಆ ಹುಡುಗ ಕೈ ಚಾಚಿದ್ದು ಹಾಗೇ ಇತ್ತು. ಕಾಕಿ ನನ್ನ ಕೈ ಬಿಟ್ಟು ಹೋಗಿ ಅವನ ಕೈ ಹಿಡಿದಳು. ನನ್ನ ಪಕ್ಕ ಖಾಲಿಯಾಯಿತು. ನಾನು ಸರಿದು ಕಾಕಿಯ ಈ ಕಡೆ ಸೇರಿಕೊಂಡೆ.

ಬಝಾಂಗಿನ ಅಡುಗೆಯವನು ಎದುರಿಗೇ ಇದ್ದ. ಗಿಳಿಮರಿ ಪದ್ಯಕ್ಕೆ ನನ್ನ ಹತ್ತಿರ ಹನ್ನೊಂದು ತಿಂಗಳು ತಿದ್ದಿ ತೀಡಿದ ಉತ್ತರ ಇತ್ತು. ಗೂಡು ಯಾರು ಬಿಟ್ಟಿದ್ದು, ಹಣ್ಣು ಯಾರು ಕೊಟ್ಟಿದ್ದು, ಎಲ್ಲ ಬರುತ್ತಿತ್ತು ಅದರಲ್ಲಿ. ಬಾ ಕೂಡ ಕೇಳಿ 'ಹ್ಞೂಂ' ಅಂದಿದ್ದರು, ಅದೇ ಅವರ ಹೊಗಳಿಕೆ. ಕಾಯುತ್ತಾ ಕಾಲು ಹಾಕಿದೆ. ಒಂದು ಗಂಟೆ ಕಳೆಯಿತು. ಬೆಲೆ ಏರಿಕೆ, ಮದುವೆ, ಹಿಮ, ಸಾಲ, ದುಬೈಗೆ ಹೋದ ಅಳಿಯ, ಎಲ್ಲ ಬಂದು ಹೋದವು. ಕೊನೆಗೆ ಅವನು ನನ್ನ ಕಡೆ ತಿರುಗಿದ. ಗಿಳಿಮರಿ ಅವನಿಗೆ ನೆನಪೇ ಇರಲಿಲ್ಲ.

ಮಂಗಲಸೇನಿನ ಗುಡ್ಡ ಏರಲು ಮೊಣಕಾಲು ನೋವು ಬರುವುದು,
ನಿನ್ನ ಮನೆಗೆ ಹೋಗಬೇಕು, ಬಸ್ಸಿನ ನಂಬರ್ ಯಾವುದು?

ಅವನ ಪಕ್ಷ ಅದನ್ನು ಮತ್ತೆ ಹಾಡಿತು. ಎಲ್ಲರೂ ನಗುತ್ತಿದ್ದರು. ನನ್ನ ಹನ್ನೊಂದು ತಿಂಗಳ ಉತ್ತರ ಕೆಸರಿಗೆ ಬಿತ್ತು. ಕಾಲು ಮಾತ್ರ ನಿಲ್ಲಲಿಲ್ಲ. ಒಂದು ಸುತ್ತು. ಪೊಟ್ಟಣ ಕಟ್ಟಿಟ್ಟ ಮೊದಲ ಸಾಲುಗಳಲ್ಲಿ ರಾಗಿಯದು ಕೈಗೆ ಸಿಕ್ಕಿತು. ನಮ್ಮ ಬೆಟ್ಟದಲ್ಲೂ ರಾಗಿಯೇ, ಕೋದೋ ಅನ್ನುತ್ತೇವೆ. ಆ ಸಾಲು ಹಾಡುತ್ತಿರುವಾಗ ಎರಡನೇ ಸಾಲು ನನಗೇ ಗೊತ್ತಿರಲಿಲ್ಲ.

ಮಳೆಗೆ ನೆನೆದ ರಾಗಿ ತೆನೆ ಬಿಸಿಲಿಗೊಮ್ಮೆ ಒಣಗಲಿ,
ಬಸ್ಸಿನ ನಂಬರ್ ಕೇಳುವವನೇ, ಮೊದಲು ಚಿಲ್ಲರೆ ಕೈಲಿರಲಿ.

'ಚಿಲ್ಲರೆ' ಅನ್ನುವ ಪದವನ್ನು ನಾನು ಕನ್ನಡದಲ್ಲೇ ಹಾಡಿಬಿಟ್ಟಿದ್ದೆ. ಅಛಾಮಿಯಲ್ಲಿ ಅದಕ್ಕೆ ಏನನ್ನುತ್ತಾರೋ ಆ ಕ್ಷಣಕ್ಕೆ ಬರಲಿಲ್ಲ. ನಾಲಿಗೆ ಕಚ್ಚಿಕೊಂಡೆ. ಅಷ್ಟರಲ್ಲಿ ನಮ್ಮ ಪಕ್ಷ ಸಾಲು ಎತ್ತಿಕೊಂಡಾಗಿತ್ತು. ಐವತ್ತು ಜನ ಒಟ್ಟಿಗೆ, ಬೆಟ್ಟದ ರಾಗದಲ್ಲಿ, 'ಚಿಲ್ಲ...ರೇ...' ಅಂತ ಆ ಕೊನೆಯ ಅರ್ಧ ಹೆಜ್ಜೆಯವರೆಗೆ ಎಳೆದರು. ಅಲ್ಲಿದ್ದವರಲ್ಲಿ ಚಿಲ್ಲರೆ ಇಲ್ಲ ಅಂತ ಕಂಡಕ್ಟರ್ ಕೈಲಿ ಬೈಸಿಕೊಳ್ಳದವರು ಒಬ್ಬರೂ ಇರಲಿಲ್ಲ. ದಮಾಯಿ ಹುಡುಗ ನಗು ತಡೆಯಲಾರದೆ ತಾಳ ತಪ್ಪಿದ. ಆ ಹಿರಿಯರೂ ನಗುತ್ತಿದ್ದರು. ಅಡುಗೆಯವನು ಒಂದು ಕೈ ಬಿಡಿಸಿಕೊಂಡು ಜೇಬು ತಟ್ಟಿ ತೋರಿಸಿದ, ಖಾಲಿ ಅಂತ.

ಆಮೇಲೆ ಅವನು ಇನ್ನೊಂದು ಪ್ರಶ್ನೆ ಎಸೆದ. ಅದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಆ ಹುಡುಗ ಉತ್ತರ ಕೊಟ್ಟ, ನನಗಿಂತ ಎಷ್ಟೋ ಚೆನ್ನಾಗಿ.

ಬಾ ಆವತ್ತು ವೃತ್ತದಲ್ಲಿ ಇರಲಿಲ್ಲ. ನಾನು ಇದ್ದೇನೆ ಅಂತ ಅವರು ಚಹಾ ಕಾಯಿಸುವ ಕಡೆ ಹೋಗಿ, ಬೆನ್ನು ಈ ಕಡೆ ಮಾಡಿ ಕೂತಿದ್ದರು. ಕೇಳಿಸಿತೋ ಇಲ್ಲವೋ ನಾನೂ ಕೇಳಲಿಲ್ಲ. ಸಂಜೆ ಮನೆಗೆ ಬಂದು ಊಟ ಮಾಡಿ, ಟಿಫಿನ್ ತೆಗೆದುಕೊಂಡು ಡ್ಯೂಟಿಗೆ ಹೋದರು.

ರಾತ್ರಿ 2 ಗಂಟೆ 25 ನಿಮಿಷಕ್ಕೆ ಮೆಸೇಜ್ ಬಂತು. ಈ ಸಲ ಹಾಡಿರಲಿಲ್ಲ, ಬರೀ ಮಾತು. 'ಎರಡನೇ ಸಾಲಲ್ಲಿ ಎರಡು ಅಕ್ಷರ ಜಾಸ್ತಿ ಆಗಿತ್ತು. ನಂಬರ್ ಅನ್ನೋದು ಬೇಕಿರಲಿಲ್ಲ.' ಆಮೇಲೆ ಸ್ವಲ್ಪ ಹೊತ್ತು ನಾಯಿ ಬೊಗಳುವ ಸದ್ದು. ಆಮೇಲೆ ಒಂದು ಹೊಸ ಪದ್ಯ, ಗೇಟಿನ ಪಕ್ಕದ ಹೊಂಗೆ ಮರದ ಮೇಲೆ. ಹೊಂಗೆಗೆ ಬಾ ಕೂಡ 'ಹೊಂಗೆ' ಅಂತಲೇ ಹಾಡಿದ್ದರು. ಅದಕ್ಕೆ ಪ್ರಾಸ ಹುಡುಕುತ್ತಾ ನಾನು ಬೆಳಗಿನ ತನಕ ಎದ್ದೇ ಇದ್ದೆ.